ಮೊದಲು ಮೇಲಿನ ಬೋಲ್ಟು

ಇಳಿಜಾರಿನಲ್ಲಿ ಜೀಪು ನಿಂತೊಡನೆ ಹಿಂದೆ ಕೂತವನು ಜಿಗಿದು ಗಾಲಿಗೆ ಕಲ್ಲು ಕೊಡುವುದು ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಹಳೆಯ ರೂಢಿ. ಹ್ಯಾಂಡ್ ಬ್ರೇಕ್ ಬಿಗಿ ಮಾಡಿಸಿದರೂ ನಾಲ್ಕು ದಿನಕ್ಕೆ ಮತ್ತದೇ ಪಾಡು. ಹಳೇ ವಿಲ್ಲಿಸ್ ಮಾದರಿಯ ಜೀಪಾದರೆ ಬ್ರೇಕನ್ನು ಬೈಯುವ ಮೊದಲು ಟ್ರಾನ್ಸ್‌ಫರ್ ಕೇಸ್ ನೋಡಬೇಕು.

ಗೇರ್ ಬಾಕ್ಸಿನ ಬೆನ್ನಿಗಂಟಿದ ಈ ಪೆಟ್ಟಿಗೆಯೇ ಎಂಜಿನ್ನಿನ ಬಲವನ್ನು ಹಿಂದಿನ, ಮುಂದಿನ ಗಾಲಿಗಳಿಗೆ ಹಂಚುವುದು. ಹ್ಯಾಂಡ್ ಬ್ರೇಕಿನ ಡ್ರಮ್ಮು ಇರುವುದೂ ಚಕ್ರದಲ್ಲಲ್ಲ, ಇದರ ಹಿಂಬದಿಯಲ್ಲಿ. ಪೆಟ್ಟಿಗೆಯ ಗಾಳಿಗಂಡಿಯಾದ ಬ್ರೀದರ್ ಮಣ್ಣು ಕಟ್ಟಿದರೆ ಒಳಗಿನ ಬಿಸಿಗಾಳಿಗೆ ದಾರಿಯಿಲ್ಲ. ಅದು ಸವೆದ ಸೀಲಿನಿಂದ ಎಣ್ಣೆಯನ್ನು ಹೊರದಬ್ಬುತ್ತದೆ. ಎಣ್ಣೆ ಕುಡಿದ ಬ್ರೇಕ್ ಶೂ ಏನನ್ನು ಹಿಡಿದೀತು?

ಮಳೆಗಾಲ ಮುಗಿದು ಕಾಫಿ ಕೊಯ್ಲು ಶುರುವಾಗುವ ಮುನ್ನ ಈ ಎಣ್ಣೆ ಬದಲಿಸುವುದು ಒಳ್ಳೆಯದು. ಜೀಪನ್ನು ಸ್ವಲ್ಪ ದೂರ ಓಡಿಸಿ ತಂದರೆ ಎಣ್ಣೆ ಸಲೀಸಾಗಿ ಇಳಿಯುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಮೊದಲು ಬಿಚ್ಚಬೇಕಾದದ್ದು ಎಣ್ಣೆ ತುಂಬುವ ಮೇಲಿನ ಬೋಲ್ಟು. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಸುರಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಜಪ್ಪಯ್ಯ ಅನ್ನದಿದ್ದರೆ, ಜೀಪು ನಿಂತಲ್ಲೇ ನಿಂತಿತು.

ಇಳಿದ ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಹಳ್ಳ ದಾಟುವಾಗ ನೀರು ಹೊಕ್ಕಿದೆ. ಬೆರಳಿಗೆ ಹತ್ತುವ ಬೂದು ಬಣ್ಣದ ನುಣ್ಣನೆ ಪುಡಿ ವಯಸ್ಸಿನ ಸವೆತ. ಲೋಹದ ಚೂರು ಸಿಕ್ಕರೆ ಮಾತ್ರ ಪೆಟ್ಟಿಗೆ ಬಿಚ್ಚಿ ಬೇರಿಂಗನ್ನೋ ಗೇರಿನ ಹಲ್ಲನ್ನೋ ನೋಡಬೇಕು. ಅಳತೆಗಿಂತ ಹೆಚ್ಚು ಬಂತೆಂದು ಹಿಗ್ಗಬೇಡಿ. ಗೇರ್ ಬಾಕ್ಸಿನ ಎಣ್ಣೆ ಇತ್ತ ಹರಿದಿದ್ದರೆ ಅಲ್ಲಿ ಬರಗಾಲ. ಎರಡನ್ನೂ ಒಟ್ಟಿಗೆ ಬದಲಿಸುವುದೇ ಸರಿ.

ಈ ಪೆಟ್ಟಿಗೆಗೆ ಬೇಕಾದ್ದು 90ರ ಗೇರ್ ಆಯಿಲ್, ಸುಮಾರು ಒಂದೂವರೆ ಲೀಟರ್. ಎರಡಕ್ಕೂ ತರುವ ಡಬ್ಬಿಯ ಮೇಲೆ ಜಿಎಲ್-4 ಎಂದಿರಲಿ; ಕೆಲವು ಜಿಎಲ್-5 ಎಣ್ಣೆಗಳ ಗಂಧಕದ ಅಂಶ ಗೇರ್ ಬಾಕ್ಸಿನ ಹಿತ್ತಾಳೆ ಬಳೆಗಳಿಗೆ ಒಳ್ಳೆಯದಲ್ಲ. ಕೆಳಗಿನ ಬೋಲ್ಟು ಬಿಗಿದು, ಮೇಲಿನ ತೂತಿನ ಅಂಚಿಗೆ ಬಂದು ತೊಟ್ಟಿಕ್ಕುವವರೆಗೆ ತುಂಬಿದರೆ ಸಾಕು. ಹಳೇ ಎಣ್ಣೆ ಹಳ್ಳದ ಪಾಲಾಗದೆ ಕ್ಯಾನಿನಲ್ಲಿ ಗ್ಯಾರೇಜು ಸೇರಲಿ.

ಬ್ರೀದರ್ ತೊಳೆದು, ಸೀಲು, ಶೂ ಹೊಸದು ಹಾಕಿಸಿದರೆ ಹ್ಯಾಂಡ್ ಬ್ರೇಕ್ ಹಿಡಿದೀತು. ಆದರೂ ಕಲ್ಲನ್ನು ಎಸೆಯಬೇಡಿ. ಮುಂದಿನ ವರ್ಷ ಎಣ್ಣೆ ಇಳಿಸುವಾಗ ಬೇಕಾಗುತ್ತದೆ.