ಹದಿನಾರಿನ ಬೆಳಗು, ಪಂಚಾಯಿತಿಯ ಲೆಕ್ಕ

ನಂಜನಗೂಡು ಬಿಟ್ಟು ತಿರುಮಕೂಡಲು ನರಸೀಪುರದ ಕಡೆ ಹೊರಟರೆ ಗದ್ದೆಬಯಲಿನ ನಡುವೆ ಹದಿನಾರು ಸಿಗುತ್ತದೆ. ಮೈಸೂರು ಅರಸರ ಮೂಲದ ಕಥೆ ಕೇಳಿದವರಿಗೆ ಈ ಊರಿನ ಹೆಸರು ಹೊಸದಲ್ಲ. 1399ರಲ್ಲಿ ಯದುರಾಯ ಕಾರುಗಹಳ್ಳಿಯ ಮಾರನಾಯಕನನ್ನು ಕೊಂದು ಇಲ್ಲಿನ ಅರಸುಮಗಳ ಕೈ ಹಿಡಿದ ಎಂಬ ಐತಿಹ್ಯ ಈ ನೆಲದ್ದು. ಈಗ ಚಳಿಗಾಲ ಬಂತೆಂದರೆ ಊರಿಗೆ ಬೇರೆಯೇ ನೆಂಟರು. ಮಂಗೋಲಿಯಾ, ಟಿಬೆಟ್ಟಿನ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು. ಬೂದು ಮೈ, ಬಿಳಿ ತಲೆ, ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟೆ. ರಾತ್ರಿಯೆಲ್ಲ ಕೊಯ್ದ ಗದ್ದೆಗಳಲ್ಲಿ ಮೇದು, ಬೆಳಕು ಹರಿಯುವ ಹೊತ್ತಿಗೆ ಸಾಲುಸಾಲಾಗಿ ಕೂಗುತ್ತ ಬಂದು ಕೆರೆಗೆ ಇಳಿಯುತ್ತವೆ. ಕೆಲವು ಹಕ್ಕಿಗಳ ಕೊರಳಲ್ಲಿ ಹಸಿರು ಪಟ್ಟಿ ಕಾಣುತ್ತದೆ. ಮಂಗೋಲಿಯಾದ ಸಂಶೋಧಕರು ತೊಡಿಸಿ ಕಳಿಸಿದ್ದು.

ಹವಾಮಾನ ಬದಲಾವಣೆಯ ಮಾತು ಬಂದಾಗ ನಾವು ಪ್ಯಾರಿಸ್ಸು, ಗ್ಲಾಸ್ಗೋ ಎಂದು ದೂರದ ಊರುಗಳನ್ನು ನೆನೆಯುತ್ತೇವೆ. 2070ಕ್ಕೆ ನಿವ್ವಳ ಶೂನ್ಯ ಎಂದು ನಮ್ಮ ದೇಶ ಮಾತು ಕೊಟ್ಟದ್ದು 2021ರಲ್ಲಿ, ಗ್ಲಾಸ್ಗೋದಲ್ಲಿ. ಆ ಮಾತು ನಡೆಯಬೇಕಾದ ಜಾಗ ಮಾತ್ರ ಇಂಥ ಕೆರೆ ಏರಿ, ಇಂಥ ಬೀದಿ, ಇಂಥ ಪಂಚಾಯಿತಿ ಕಟ್ಟಡ.

ಬೆಳಗಿನ ಏಳೂವರೆ. ಹೊಗೆಯಂತೆ ನಿಂತಿದ್ದ ಮಂಜು ಕರಗಿ ಬಿಸಿಲು ಹೆಂಚಿನ ಮೇಲೆ ಬಿದ್ದಿದೆ. ಈ ಸೀಮೆಯ ಯಾವ ಊರಿನ ಬೀದಿಗೆ ಹೊಕ್ಕರೂ ಈ ಹೊತ್ತಿಗೆ ತಲೆ ಎತ್ತಿ ನೋಡಬೇಕು: ಕಂಬದ ದೀಪ ಆರಿದೆಯೋ ಇಲ್ಲವೋ? ಸ್ವಿಚ್ಚಿರುವ ಸಾಲಿನಲ್ಲಿ ಯಾರೋ ಬಂದು ಆರಿಸುತ್ತಾರೆ. ಬೀದಿದೀಪಕ್ಕೆಂದೇ ಬೇರೆ ತಂತಿ ಎಳೆಯದ ಕಡೆ ದೀಪ ಹಗಲಿಡೀ ಬಿಸಿಲಿನಲ್ಲಿ ಬೆಳ್ಳಗೆ ಉರಿಯುತ್ತಲೇ ಇರುತ್ತದೆ. ಇಪ್ಪತ್ತು ವ್ಯಾಟಿನ ಒಂದೇ ಎಲ್‌ಇಡಿ ದಿನಾ 12 ಗಂಟೆ ಹೀಗೆ ಸುಮ್ಮನೆ ಉರಿದರೆ ವರ್ಷಕ್ಕೆ ಸುಮಾರು 88 ಯೂನಿಟ್ಟು. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ದೀಪಕ್ಕೆ ಅರವತ್ತು ಕಿಲೋ, ನೂರು ದೀಪಕ್ಕೆ ಆರು ಟನ್ನು. ಯಾರಿಗೂ ದಾರಿ ತೋರಿಸದೆ ಹೋದ ಬೆಳಕಿಗೆ ಇಷ್ಟು.

ಕರೆಂಟು ಎಂದರೆ ಈ ಸೀಮೆಯವರಿಗೆ ಅಭಿಮಾನದ ವಿಷಯವೂ ಹೌದು. ನಂಜನಗೂಡಿನ ಸೋಪಾನಕಟ್ಟೆಯ ಮುಂದೆ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕೂಡಿದ ಆ ನೀರು ಕೆಳಗೆ ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಾಗ ಅದರಲ್ಲಿ ಒಂದು ಚೂರೂ ಕಲ್ಲಿದ್ದಲಿನ ಹೊಗೆ ಇರಲಿಲ್ಲ. ಈಗ ಚೆಸ್ಕಾಂ ತಂತಿಯಲ್ಲಿ ಹರಿದು ಬರುವ ಕರೆಂಟಿನಲ್ಲಿ ಶರಾವತಿಯ ನೀರು, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿಯ ಜೊತೆಗೆ ರಾಯಚೂರಿನ ಕಲ್ಲಿದ್ದಲೂ ಬೆರೆತಿದೆ.

ಬೀದಿದೀಪ ಆರಿಸುವಷ್ಟೇ ಮುಖ್ಯವಾದ ಇನ್ನೊಂದು ಕೆಲಸ ನೀರುಗಂಟಿಯದು. ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ತಗಡಿನ ಬಾಗಿಲಿನ ಪುಟ್ಟ ಕೋಣೆ. ಒಳಗೆ ಸ್ಟಾರ್ಟರ್ ಪೆಟ್ಟಿಗೆ, ಹಸಿರು ಗುಂಡಿ, ಕೆಂಪು ಗುಂಡಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬೀದಿವಾರು ಬರೆದ ಹೊತ್ತು. ಐದು ಎಚ್‌ಪಿ ಮೋಟಾರು ಒಂದು ತಾಸು ಓಡಿದರೆ ನಾಲ್ಕು ಯೂನಿಟ್ಟು. ಬೀದಿ ಕೊನೆಯ ನಲ್ಲಿಗೆ ತಿರುಪು ಇಲ್ಲದೆ ನೀರು ಚರಂಡಿಗೆ ಹೋದರೆ ಅಷ್ಟು ಹೊತ್ತು ಮೋಟಾರು ಹೆಚ್ಚು ಓಡಬೇಕು. ನಲ್ಲಿಗೆ ಹಾಕುವ ಒಂದು ವಾಷರ್ರೂ ಇಂಗಾಲ ತಗ್ಗಿಸುವ ಯಂತ್ರವೇ. ಈ ಮಾತನ್ನು ನಾನು ಪೂರ್ತಿ ಗಂಭೀರವಾಗಿ ಹೇಳುತ್ತಿದ್ದೇನೆ.

ಅಷ್ಟರಲ್ಲಿ ಹಾಡು ಕೇಳಿಸುತ್ತದೆ. ಧ್ವನಿವರ್ಧಕದಲ್ಲಿ ಸ್ವಚ್ಛತೆಯ ಹಾಡು ಹಾಕಿಕೊಂಡು ಕಸದ ಗಾಡಿ ಸ್ವಚ್ಛ ವಾಹಿನಿ ಬೀದಿಗೆ ತಿರುಗಿದೆ. ರಾಜ್ಯದ ಎಷ್ಟೋ ಪಂಚಾಯಿತಿಗಳಲ್ಲಿ ಈ ಗಾಡಿಯ ಚಾಲಕಿ ಸಂಜೀವಿನಿ ಸ್ವಸಹಾಯ ಗುಂಪುಗಳ ಒಕ್ಕೂಟದ ಹೆಣ್ಣುಮಗಳು. ಡ್ರೈವಿಂಗ್ ಕಲಿತು, ಲೈಸೆನ್ಸ್ ಪಡೆದು, ಸೀರೆಯ ಮೇಲೆ ಸಮವಸ್ತ್ರದ ಕೋಟು ತೊಟ್ಟು ಸ್ಟಿಯರಿಂಗ್ ಹಿಡಿದವಳು. “ಹಸಿದು ತಿಪ್ಪೇಗ್ ಹಾಕ್ರವ್ವ, ಒಣಗಿದ್ದು ಇತ್ತ ಕೊಡಿ” ಎಂಬ ಕೂಗಿಗೆ ಬಾಗಿಲುಗಳು ತೆರೆಯುತ್ತವೆ. ಚೀಲದೊಳಗೆ ಏನಿದೆ ನೋಡಿ: ಹಾಲಿನ ಕವರು, ಶಾಂಪೂ ಪೊಟ್ಟಣ, ಗುಟ್ಕಾ ಹಾಳೆ, ಒಡೆದ ಕೊಡ, ಒಂಟಿ ಚಪ್ಪಲಿ. ಹಾಲಿನ ಕವರಿನ ಕತ್ತರಿಸಿದ ಮೂಲೆಯ ತುಣುಕು ಬೆರಳಿಗೆ ಸಿಕ್ಕುವುದೇ ಕಷ್ಟ. ಆಕೆ ಅದನ್ನೂ ಉಗುರಿನಲ್ಲಿ ಹೆಕ್ಕಿ ಕವರಿನೊಳಗೆ ತುರುಕುತ್ತಾಳೆ. ಇದೇ ಚೀಲ ಮೊದಲು ಸಂಜೆ ಹಿತ್ತಿಲ ಮೂಲೆಯಲ್ಲಿ ಬೆಂಕಿಗೆ ಬೀಳುತ್ತಿತ್ತು. ಒಂದು ಕಿಲೋ ಪಾಲಿಥಿನ್ ಪೂರ್ತಿ ಉರಿದರೆ ಮೂರು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಎಳೆಮಕ್ಕಳ ಮೂಗಿಗೆ ಹೋಗುವ ವಿಷ ಬೇರೆ. ಗಾಡಿ ತುಂಬಿದ ಮೇಲೆ ಸ್ವಚ್ಛ ಸಂಕೀರ್ಣಕ್ಕೆ ಹೋಗಿ ರಾಶಿ ಸುರಿದು ರಟ್ಟು, ಬಾಟಲಿ, ಕವರು ಎಂದು ಬೇರೆ ಮಾಡಿ ಮೂಟೆ ಕಟ್ಟುವ ತನಕ ಆಕೆಯ ಬೆಳಗು ಮುಗಿಯುವುದಿಲ್ಲ. ಆಕೆಯ ಗೌರವಧನ ಹೊತ್ತಿಗೆ ಸರಿಯಾಗಿ ಸಿಗುವುದು ಯಾವ ಹವಾಮಾನ ಒಪ್ಪಂದಕ್ಕಿಂತಲೂ ಕಡಿಮೆ ಸಂಗತಿಯಲ್ಲ.

ಹಸಿ ಕಸದ ವಿಷಯದಲ್ಲಿ ಹಳ್ಳಿ ಪೇಟೆಗಿಂತ ಮುಂದಿದೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಮುಸುರೆ ಬಾನಿಗೆ, ಅಲ್ಲಿಂದ ಹಸುವಿಗೆ; ಉಳಿದದ್ದು ತಿಪ್ಪೆಗೆ, ತಿಪ್ಪೆಯಿಂದ ಗದ್ದೆಗೆ. ಪೇಟೆಯಲ್ಲಿ ಅದೇ ಸಿಪ್ಪೆ ಪ್ಲಾಸ್ಟಿಕ್ ಚೀಲದೊಳಗೆ ಗಂಟು ಬಿದ್ದು, ಗುಡ್ಡೆಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆದ ಮರುದಿನ ರಥಬೀದಿಯಲ್ಲಿ ಬಿದ್ದಿರುವ ಬಾಳೆಹಣ್ಣಿನ ಸಿಪ್ಪೆ, ಹೂವು, ಎಲೆ ಎಲ್ಲ ಗುಡ್ಡೆಗೆ ಹೋಗುತ್ತವೋ ಗೊಬ್ಬರದ ಗುಂಡಿಗೆ ಹೋಗುತ್ತವೋ ಎಂಬುದು ಒಂದು ನಗರಸಭೆ ಮಾಡಬಹುದಾದ ಅತಿ ದೊಡ್ಡ ಆಯ್ಕೆ. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಸ್ತ್ರೀಶಕ್ತಿ ಗುಂಪಿನ ಹೆಂಗಸರು ವಾರ್ಡಿನ ಕಸವನ್ನು ಬಿಡಿಸಿ, ಹಸಿದನ್ನು ಗೊಬ್ಬರ ಮಾಡಿ, ಒಣಗಿದ್ದನ್ನು ಮಾರಿ, ಇದು ಆಗುವ ಕೆಲಸವೆಂದು ತೋರಿಸಿದರು.

ಮೈಸೂರು ಪಾಲಿಕೆಯ ಇನ್ನೊಂದು ಹೆಜ್ಜೆ ಟ್ರಿಣ್ ಟ್ರಿಣ್. 2017ರ ಜೂನ್‌ನಲ್ಲಿ 450 ಬಾಡಿಗೆ ಸೈಕಲ್ಲುಗಳು ಊರ ತುಂಬ ನಿಲ್ದಾಣಗಳಲ್ಲಿ ಸಾಲಾಗಿ ನಿಂತವು. ಕಾರ್ಡು ತೋರಿಸಿದರೆ ಬೀಗ ಕಳಚಿ ಸೈಕಲ್ ಕೈಗೆ ಬರುತ್ತಿತ್ತು. ಜಾಗತಿಕ ಪರಿಸರ ಸೌಲಭ್ಯದ ನೆರವು ಅದಕ್ಕೆ ದೊರೆತದ್ದೇ ಪೆಟ್ರೋಲಿನ ಹೊಗೆ ತಗ್ಗಲಿ ಎಂದು. ಅರಮನೆಯ ಸುತ್ತ ತಿರುಗುವ ಪ್ರವಾಸಿ, ಕಾಲೇಜಿಗೆ ಹೋಗುವ ಹುಡುಗಿ, ಮಾರುಕಟ್ಟೆಗೆ ಬಂದ ನಿವೃತ್ತ ಮೇಷ್ಟರು, ಎಲ್ಲರೂ ಪೆಡಲು ತುಳಿದರು. ಸೈಕಲ್ ಕೊಳ್ಳುವುದು ಸುಲಭ, ಚೈನಿಗೆ ಎಣ್ಣೆ ಬಿಡುತ್ತ ವರ್ಷಗಟ್ಟಲೆ ಓಡಿಸುವುದು ಕಷ್ಟ. ದುಡ್ಡು ಬೇಕಾದದ್ದು ಆ ಎರಡನೆಯದಕ್ಕೆ.

ಕಾಯದೆ ಪಂಚಾಯಿತಿಯ ಕೈ ಕಟ್ಟಿಲ್ಲ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯೊಂದಿಗೆ ಸಂವಿಧಾನಕ್ಕೆ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳಿವೆ. ಕುಡಿಯುವ ನೀರು, ಸಾಮಾಜಿಕ ಅರಣ್ಯ, ಉರುವಲು ಮತ್ತು ಮೇವು, ಗ್ರಾಮೀಣ ವಿದ್ಯುತ್ತು, ಅಸಾಂಪ್ರದಾಯಿಕ ಇಂಧನ ಎಲ್ಲವೂ ಅದರಲ್ಲಿ ಬರುತ್ತವೆ. ಗ್ರಾಮಸಭೆಯಲ್ಲಿ ನಾವು ಮನೆ, ರಸ್ತೆ, ಚರಂಡಿ ಕೇಳುತ್ತೇವೆ, ಕೇಳಲೇಬೇಕು. ಅದರ ಜೊತೆಗೆ ಒಬ್ಬರು ಎದ್ದು ನಿಂತು ಕಳೆದ ತಿಂಗಳ ಕರೆಂಟು ಬಿಲ್ಲನ್ನು ಓದಿಸಲಿ. ಬೀದಿದೀಪಕ್ಕೆ ಎಷ್ಟು ಯೂನಿಟ್ಟು, ಮೋಟಾರಿಗೆ ಎಷ್ಟು, ಸ್ವಚ್ಛ ಸಂಕೀರ್ಣಕ್ಕೆ ಬಂದ ಒಣ ಕಸ ಎಷ್ಟು ಕಿಲೋ, ಇವನ್ನು ಪಂಚಾಯಿತಿಯ ಹೊರಗೋಡೆಯಲ್ಲಿ ತಿಂಗಳು ತಿಂಗಳೂ ಬಣ್ಣದಲ್ಲಿ ಬರೆಸಲಿ. ಎಂಟನೆಯ ತರಗತಿಯ ಮಗು ಆ ಯೂನಿಟ್ಟುಗಳನ್ನು 0.7ರಿಂದ ಗುಣಿಸಿ ಊರಿನ ಕರೆಂಟಿನ ಇಂಗಾಲದ ಲೆಕ್ಕ ಹೇಳಬಲ್ಲುದು. ಮುಂದಿನ ತಿಂಗಳು ಅಂಕಿ ಇಳಿಯದಿದ್ದರೆ ಯಾವ ಕಂಬದ ಸ್ವಿಚ್ಚು ಕೆಟ್ಟಿದೆ ಎಂದು ಅದೇ ಮಗು ಅಧ್ಯಕ್ಷರನ್ನು ಕೇಳಲಿ.