ಶಸ್ತ್ರಚಿಕಿತ್ಸೆಯ ಬಳಿಕ ಬರುವ ವಾಂತಿ: ಅದರ ಕಾರಣ ಮತ್ತು ನಿವಾರಣೆ

ರೋಣ, ನರಗುಂದ, ಗಜೇಂದ್ರಗಡಗಳ ಕಡೆಯ ಹೆಂಗಸರು ಗರ್ಭಕೋಶದ ಅಥವಾ ಅಂಡಾಶಯದ ದೊಡ್ಡ ಶಸ್ತ್ರಚಿಕಿತ್ಸೆಗಾಗಿ ಹಲವು ವೇಳೆ ಗದಗಿಗೋ ಹುಬ್ಬಳ್ಳಿಗೋ ಹೋಗಬೇಕಾಗುತ್ತದೆ. ಅವರಲ್ಲಿ ಅನೇಕರು ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಹಿಂದಿರುಗುತ್ತಾರೆ. ಈ ಪ್ರಯಾಣದ ಅನುಭವಕ್ಕೂ ಶಸ್ತ್ರಚಿಕಿತ್ಸೆಯ ಬಳಿಕ ಬರುವ ವಾಂತಿಗೂ ಸಂಬಂಧವುಂಟೆಂದರೆ ವಾಚಕರಿಗೆ ಸೋಜಿಗವಾದೀತು, ಆದರೆ ಉಂಟು.

ಮೊದಲು ಶಬ್ದವಿಚಾರ. ಹೊಟ್ಟೆ ತೊಳಸಿದಂತಾಗುವುದು ಓಕರಿಕೆ. ಹೊಟ್ಟೆಯಲ್ಲಿದ್ದುದು ಹೊರಬೀಳುವುದು ವಾಂತಿ. ಸಂಸ್ಕೃತ ವೈದ್ಯಗ್ರಂಥಗಳು ಇವನ್ನೇ ಹೃಲ್ಲಾಸ, ಛರ್ದಿ ಎಂದು ಬೇರ್ಪಡಿಸುತ್ತವೆ. ಚರಕಸಂಹಿತೆಯು ಛರ್ದಿಯನ್ನು ಐದು ಬಗೆಯಾಗಿ ಎಣಿಸಿ, ಮನಸ್ಸಿಗೆ ಹೇಸಿಕೆಯಾದ ವಸ್ತುಗಳ ಸಂಪರ್ಕದಿಂದ ಬರುವುದನ್ನು ಒಂದು ಬಗೆಯೆಂದೇ ಹೇಳಿದೆ. ಇಂಗ್ಲಿಷಿನ ‘ನಾಸಿಯ’ ಎಂಬ ಮಾತಿನ ಮೂಲ ಗ್ರೀಕ್ ಭಾಷೆಯಲ್ಲಿ ಹಡಗೆಂಬ ಅರ್ಥದ ಶಬ್ದ. ಈ ಭೇದವು ಬರಿಯ ಪಾಂಡಿತ್ಯದ ಮಾತಲ್ಲ. ವಾಂತಿ ಕಣ್ಣಿಗೆ ಕಾಣುತ್ತದೆ. ಓಕರಿಕೆಯನ್ನು ಕೇಳಿಯೇ ತಿಳಿಯಬೇಕು.

1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್, ಮರುವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ನನ ಕ್ಲೋರೋಫಾರಂ ಬಳಕೆಗೆ ಬಂದವು. ರೋಗಿಯನ್ನು ಬೇಗನೆ ಅಲುಗಾಡಿಸಿದರೆ ವಾಂತಿ ಹೆಚ್ಚುವುದೆಂದು ಲಂಡನ್ನಿನ ಜಾನ್ ಸ್ನೋ 1848ರಲ್ಲಿಯೇ ಗುರುತಿಸಿದ್ದನು. ಮಿದುಳಿನ ಬುಡದಲ್ಲಿ ರಕ್ತದೊಳಗಿನ ವಿಷವನ್ನು ಗ್ರಹಿಸುವ ಒಂದು ತಾಣವುಂಟು. ಮೂಗಿನಿಂದ ಎಳೆದುಕೊಂಡ ಅರಿವಳಿಕೆಯ ಆವಿ, ನೋವಿಗೆ ಕೊಡುವ ಅಫೀಮು ಜಾತಿಯ ಔಷಧ, ಕರುಳಿನಿಂದ ಬರುವ ಸೂಚನೆ, ಒಳಕಿವಿಯ ತೂಕ ತಪ್ಪುವಿಕೆ, ಇವೆಲ್ಲವೂ ಬೇರೆ ಬೇರೆ ದಾರಿಗಳಿಂದ ವಾಂತಿಯನ್ನು ಎಬ್ಬಿಸುತ್ತವೆ. ಆದುದರಿಂದಲೇ ಒಂದೇ ಮದ್ದು ಎಲ್ಲವನ್ನೂ ತಡೆಯಲಾರದು.

ಯಾರಿಗೆ ಬಂದೀತೆಂಬುದನ್ನು ಮುಂಚೆಯೇ ಅಂದಾಜು ಮಾಡಬಹುದು. ಜರ್ಮನಿಯ ಆಪ್ಫೆಲ್ ಮತ್ತು ಸಹೋದ್ಯೋಗಿಗಳು 1999ರಲ್ಲಿ ನಾಲ್ಕು ಲಕ್ಷಣಗಳನ್ನು ಹೇಳಿದರು: ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು, ಹಿಂದೆ ಶಸ್ತ್ರಚಿಕಿತ್ಸೆಯ ಬಳಿಕ ಅಥವಾ ಪ್ರಯಾಣದಲ್ಲಿ ವಾಂತಿಯಾಗಿರುವುದು, ನೋವಿಗೆ ಅಫೀಮು ಜಾತಿಯ ಔಷಧ ಬೇಕಾಗುವುದು. ಒಂದೂ ಇಲ್ಲದವರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಈ ಬಾಧೆ. ಒಂದಿದ್ದರೆ 20, ಎರಡಿದ್ದರೆ 40, ಮೂರಿದ್ದರೆ 60, ನಾಲ್ಕೂ ಇದ್ದರೆ 80. ಬೀಡಿ ಸೇದದ ನಮ್ಮ ಹೆಂಗಸು ಮೇಜಿನ ಮೇಲೆ ಮಲಗುವ ಮೊದಲೇ 40ರಲ್ಲಿರುತ್ತಾಳೆ. (ಇದರಿಂದ ಬೀಡಿಗೆ ಯಾರೂ ಸಮರ್ಥನೆ ಹುಡುಕಬಾರದು!)

ವಾಂತಿಯಿಂದ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ, ನೀರು ಉಪ್ಪುಗಳು ದೇಹದಿಂದ ಹೋಗುತ್ತವೆ. ಅರೆ ಎಚ್ಚರದಲ್ಲಿ ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ನಿವಾರಣೆಯ ಮೊದಲ ಮಾರ್ಗ, ಸಾಧ್ಯವಿದ್ದಲ್ಲಿ ಬೆನ್ನುಹುರಿಯ ಬಳಿ ಸೂಜಿಮದ್ದು ಕೊಟ್ಟು ಸಂಪೂರ್ಣ ಅರಿವಳಿಕೆಯನ್ನು ತಪ್ಪಿಸುವುದು. ಅದು ಆಗದಿದ್ದರೆ ಆವಿಯ ಬದಲು ಪ್ರೊಪೊಫಾಲ್‌ನ್ನು ರಕ್ತನಾಳದ ಮೂಲಕ ಕೊಡುವುದು, ಅಫೀಮು ಜಾತಿಯ ಔಷಧವನ್ನು ಮಿತಗೊಳಿಸುವುದು, ದ್ರವವನ್ನು ಸಾಕಷ್ಟು ಕೊಡುವುದು. ಡೆಕ್ಸಾಮೆಥಾಸೋನನ್ನು ಆರಂಭದಲ್ಲಿಯೇ ಕೊಡುತ್ತಾರೆ, ಅದರ ಗುಣ ನಿಧಾನವಾಗಿ ತೋರುವುದರಿಂದ. ಒಂಡಾನ್‌ಸೆಟ್ರಾನನ್ನು ಮುಗಿಯುವ ಹೊತ್ತಿಗೆ. ಸಿಹಿಮೂತ್ರ ರೋಗವುಳ್ಳವರಲ್ಲಿ ಮೊದಲನೆಯದು ರಕ್ತದ ಸಕ್ಕರೆಯನ್ನು ಏರಿಸುವುದೆಂಬ ಎಚ್ಚರಿಕೆ ಬೇಕು. 2004ರಲ್ಲಿ ಪ್ರಕಟವಾದ, ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಪರೀಕ್ಷೆಯಲ್ಲಿ ಇಂಥ ಒಂದೊಂದು ಔಷಧವೂ ಅಪಾಯವನ್ನು ನೂರಕ್ಕೆ ಸುಮಾರು 26ರಷ್ಟು ತಗ್ಗಿಸಿತು. ಇಲ್ಲಿ ಕಳೆಯುವ ಲೆಕ್ಕವಲ್ಲ, ಉಳಿದುದರ ಭಾಗದ ಲೆಕ್ಕ: 80 ಇದ್ದುದು ಒಂದು ಔಷಧದಿಂದ 59, ಎರಡರಿಂದ 44, ಮೂರರಿಂದ 32. ಹೀಗೆ ಔಷಧ ಹೆಚ್ಚಿದಂತೆ ಲಾಭ ಕಿರಿದಾಗುತ್ತದೆ. ಆದ್ದರಿಂದ ಅಪಾಯವನ್ನು ಅಳೆದೇ ಕೊಡಬೇಕು. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ಒತ್ತುವ ಚೀನೀ ಪದ್ಧತಿಗೂ ಪರೀಕ್ಷೆಗಳ ಬೆಂಬಲವುಂಟು. ಶುಂಠಿಯ ವಿಷಯದಲ್ಲಿ ಫಲ ಒಂದೇ ತೆರನಾಗಿಲ್ಲ.

ಅಳೆಯುವುದಾದರೂ ರೋಗಿಯ ಮಾತಿನಿಂದಲೇ. ‘ಪ್ರಯಾಣಜನ್ಯ ವಮನದ ಪೂರ್ವೇತಿಹಾಸವಿದೆಯೆ?’ ಎಂದರೆ ಗಜೇಂದ್ರಗಡದ ಮುದುಕಿ ತಲೆಯಲ್ಲಾಡಿಸಿ ಸುಮ್ಮನಾಗಬಹುದು. ‘ಯವ್ವಾ, ಬಸ್ಸಿನ್ಯಾಗ ಕುಂತ್ರ ವಾಕರಿಕಿ ಬರತೈತೇನ?’ ಎಂದು ಕೇಳಿದರೆ ಉತ್ತರ ಬರುತ್ತದೆ. ಆ ಒಂದು ಉತ್ತರ 60ನ್ನು 80 ಮಾಡಿ, ವೈದ್ಯನ ಕೈಗೆ ಇನ್ನೊಂದು ಔಷಧವನ್ನು ಎತ್ತಿಕೊಡುತ್ತದೆ.

ಮದ್ದು ಕೊಟ್ಟೂ ಆರು ಗಂಟೆಯೊಳಗೆ ವಾಂತಿಯಾದರೆ ಅದನ್ನೇ ಮತ್ತೆ ಕೊಡದೆ ಬೇರೆ ಜಾತಿಯದನ್ನು ಕೊಡಬೇಕು. ಊರಿಗೆ ಮರಳುವ ದಿನಕ್ಕೆ ನಾಲಗೆಯ ಮೇಲೆ ಕರಗುವ ಒಂಡಾನ್‌ಸೆಟ್ರಾನ್ ಮಾತ್ರೆ ದೊರೆಯುತ್ತದೆ. ವೈದ್ಯರು ಸೂಚಿಸಿದಲ್ಲಿ, ಬಸ್ಸು ಹತ್ತುವ ಮುಂಚೆ ಅದನ್ನು ಇಟ್ಟುಕೊಳ್ಳಬಹುದು.