ಹಳೆಯ ಆಂಪ್ಲಿಫೈಯರಿಗೆ ಹೊಸ ಸರ್ಕ್ಯೂಟ್ ಬೋರ್ಡು

ಬ್ರಿಟನ್ನಿನ ಕ್ವಾಡ್ 303 ಆಂಪ್ಲಿಫೈಯರು 1967ರಿಂದ 1985ರವರೆಗೆ ತಯಾರಾಯಿತು. ಇಂತಹ ಹಳೆಯ ಉಪಕರಣಗಳ ದುರಸ್ತಿಯಲ್ಲಿ ಬೋರ್ಡೇ ದೊಡ್ಡ ತೊಡಕು. ಆ ಕಾಲದ ಹಲವು ಬೋರ್ಡುಗಳು ಕಾಗದ ಮತ್ತು ರಾಳದಿಂದಾದವು. ಪದೇಪದೇ ಬೆಸುಗೆಯ ಶಾಖ ತಗುಲಿದರೆ ಅವುಗಳ ತಾಮ್ರದ ಪಟ್ಟಿಗಳು ಕಿತ್ತುಬರುತ್ತವೆ.

ಮೂಲ ಬೋರ್ಡನ್ನು ಅಳೆದು ಗರ್ಬರ್ ಕಡತ ಸಿದ್ಧಪಡಿಸಿದರೆ, 1.6 ಮಿ.ಮೀ. ದಪ್ಪದ ಗಾಜುನಾರಿನ ಹಲಗೆಯಲ್ಲಿ ಐದಾರು ಪ್ರತಿಗಳನ್ನಾದರೂ ಮಾಡಿಸಬಹುದು. ಆದರೆ ವಿನ್ಯಾಸ ಹಾಗೂ ಪೂರ್ವಸಿದ್ಧತೆಯ ವೆಚ್ಚ ಐದಕ್ಕೂ ಐವತ್ತಕ್ಕೂ ಬಹುತೇಕ ಒಂದೇ. ರಂಧ್ರಗಳ ಅಂತರ ತಪ್ಪಿದರೆ ಇಡೀ ಕಂತೇ ವ್ಯರ್ಥ. ಆದುದರಿಂದ ಕಡತವನ್ನು ಯಥಾಪ್ರಮಾಣದಲ್ಲಿ ಕಾಗದದ ಮೇಲೆ ಮುದ್ರಿಸಿ, ಬಿಡಿಭಾಗಗಳನ್ನು ಅದರ ಮೇಲಿಟ್ಟು ಪರೀಕ್ಷಿಸಿದ ಬಳಿಕವೇ ಆರ್ಡರು ನೀಡುವುದು ಲೇಸು. ಪರೀಕ್ಷಿತ ಕಡತ ಕೈಯಲ್ಲಿದ್ದರೆ ಎರಡನೆಯ ಕಂತಿಗೆ ವಿನ್ಯಾಸದ ವೆಚ್ಚವಿಲ್ಲ. ಸಣ್ಣ ಉದ್ದಿಮೆದಾರನ ಲಾಭ ಅಲ್ಲಿಂದ ಆರಂಭವಾಗುತ್ತದೆ.